ಬಿಸಿಲು ಕಾಯುವ ಕಪ್ಪೆ

ಬೆಳಗಿನ ಎಳೆಬಿಸಿಲಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಓತಿಕ್ಯಾತ ತಲೆ ಎತ್ತಿ ಕೂತಿದ್ದರೆ ಅದು ಮೈ ಕಾಯಿಸಿಕೊಳ್ಳುತ್ತಿದೆ ಎಂದು ಶಾಲೆಗೆ ಹೋಗುವ ಹುಡುಗನಿಗೂ ಗೊತ್ತು. ಅದೇ ಬಿಸಿಲಲ್ಲಿ ಕಪ್ಪೆಯೊಂದು ಕೂತಿದ್ದರೆ? ದಾರಿ ತಪ್ಪಿರಬೇಕು, ಇಲ್ಲವೇ ಕಾಯಿಲೆ ಬಿದ್ದಿರಬೇಕು ಅಂದುಕೊಳ್ಳುತ್ತೇವೆ. ಕರುಣಾಳುಗಳು ಯಾರಾದರೂ ಇದ್ದರೆ ಒಂದು ಚೆಂಬು ನೀರು ಹೊಯ್ದೂಬಿಡುತ್ತಾರೆ. ಕಪ್ಪೆಯೆಂದರೆ ಮಳೆ, ಕೆಸರು, ಕತ್ತಲು. ಬಿಸಿಲಿಗೂ ಅದಕ್ಕೂ ಎಣ್ಣೆ-ಸೀಗೆಕಾಯಿ ಎಂದೇ ನಮ್ಮ ಲೆಕ್ಕ.

ಆದರೆ ಕಪ್ಪೆ ಬಿಸಿಲು ಕಾಯುತ್ತದೆ. ಅದೂ ಎಲ್ಲೋ ದೂರದ ಕಾಡಿನ ಅಪರೂಪದ ಕಪ್ಪೆಯ ಮಾತಲ್ಲ. ಬಚ್ಚಲುಮನೆಯ ಗೋಡೆಗೆ ಅಂಟಿಕೊಳ್ಳುವ, ಹಂಚಿನ ಸಂದಿಯಿಂದ ಇಣುಕುವ, ಮಳೆಗಾಲದ ರಾತ್ರಿ ಬಲ್ಬಿನ ಕೆಳಗೆ ಹುಳ ಹಿಡಿಯಲು ಕಾದು ಕೂರುವ ಮಾಸಲು ಕಂದು ಮರಗಪ್ಪೆಯೇ ಹಾಗೆ ಮಾಡುತ್ತದೆ. ಪಾಲಿಪೆಡೇಟ್ಸ್ ಮ್ಯಾಕ್ಯುಲೇಟಸ್ ಎಂಬುದು ಅದರ ಶಾಸ್ತ್ರೀಯ ಹೆಸರು. ಈ ಕಪ್ಪೆ ಹಗಲಲ್ಲಿ ನೇರ ಬಿಸಿಲಿಗೆ ಮೈಯೊಡ್ಡಿ ಕೂರುವುದನ್ನು ಅಮೆರಿಕದ ಹಾರ್ವಿ ಲಿಲಿವೈಟ್, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಅಜಯ್ ಕುಮಾರ್ ಮಿತ್ತಲ್ ಮತ್ತು ಅವರ ಜೊತೆಗಾರರು 1998ರಲ್ಲಿ ವಿವರವಾಗಿ ಬರೆದರು. ಬಿಸಿಲು ಕಾಯುವುದಷ್ಟೇ ಅಲ್ಲದೆ ಮೈ ತೀರಾ ಕಾದಾಗ ಅದು ಬೆವರುತ್ತದೆ ಎಂಬುದೂ ಆ ಪ್ರಬಂಧದಲ್ಲಿತ್ತು. ಕಪ್ಪೆಗೆ ಶೀತವಿಲ್ಲ ಎಂಬ ಮಾತು ಕಟ್ಟಿದವರು ಇದನ್ನು ಓದಿದ್ದರೆ ಏನೆನ್ನುತ್ತಿದ್ದರೋ.

ನಮಗೆ ಚಳಿಯಾದರೆ ಸ್ನಾಯುಗಳು ನಡುಗಿ ಶಾಖ ಹುಟ್ಟಿಸುತ್ತವೆ. ಉಂಡದ್ದರಲ್ಲಿ ದೊಡ್ಡ ಪಾಲು ಮೈಯನ್ನು 37 ಡಿಗ್ರಿಯಲ್ಲಿ ಇಡಲಿಕ್ಕೇ ಖರ್ಚಾಗುತ್ತದೆ. ಕಪ್ಪೆಗೆ ಆ ಖರ್ಚೂ ಇಲ್ಲ, ಆ ಸೌಕರ್ಯವೂ ಇಲ್ಲ. ಬಿಸಿಯನ್ನಾಗಲಿ ತಂಪನ್ನಾಗಲಿ ಅದು ಹೊರಗಿನಿಂದಲೇ ಪಡೆಯಬೇಕು. ಎಲ್ಲಿ ಕೂರಬೇಕು, ಹೇಗೆ ಕೂರಬೇಕು, ಯಾವಾಗ ಎದ್ದು ಹೋಗಬೇಕು ಎಂಬ ತೀರ್ಮಾನಗಳಿಂದಲೇ ಮೈಯ ಕಾವು ನಿರ್ಧಾರವಾಗುತ್ತದೆ. ಹಾವು, ಹಲ್ಲಿ, ಓತಿಗಳದ್ದೂ ಇದೇ ಪಾಡು. ಆದರೆ ಅವುಗಳ ಒಣ, ಹುರುಪೆಗಟ್ಟಿದ ಚರ್ಮದೊಳಗೆ ನೀರು ಭದ್ರವಾಗಿ ಉಳಿಯುತ್ತದೆ. ಕಪ್ಪೆಯ ಚರ್ಮ ತೆಳು, ಒದ್ದೆ. ಉಸಿರಾಟದ ಒಂದು ಪಾಲು ಅದರ ಮೂಲಕವೇ ನಡೆಯಬೇಕು. ನೀರು ಕುಡಿಯುವುದೂ ಅದರಿಂದಲೇ. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ. ಹಿಂಗಾಲುಗಳ ನಡುವಿನ, ಹೊಟ್ಟೆಯಡಿಯ ತೆಳು ಚರ್ಮವನ್ನು ಒದ್ದೆ ನೆಲಕ್ಕೆ ಒತ್ತಿ ಕೂತು ಹೀರಿಕೊಳ್ಳುತ್ತದೆ. ನೀರು ಒಳಬರುವ ಆ ಚರ್ಮದಿಂದಲೇ ಹೊರಗೂ ಹೋಗುತ್ತದೆ.

ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಏಕೆಂದು ಎಲ್ಲರಿಗೂ ಗೊತ್ತು. ಹೂಜಿಯ ಮೈಯಿಂದ ಜಿನುಗಿದ ನೀರು ಆರುತ್ತ ಒಳಗಿನ ಕಾವನ್ನು ಹೊತ್ತೊಯ್ಯುತ್ತದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಜೂಲ್ ಶಾಖ ಸಾಕು. ಅದೇ ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 2,400 ಜೂಲ್ ಬೇಕು. ಏಪ್ರಿಲ್‌ನ ರಾಯಚೂರಿನ ಒಣಗಾಳಿಯಲ್ಲಿ ಹೂಜಿ ಚೆನ್ನಾಗಿ ತಣಿಯುತ್ತದೆ. ಜುಲೈ ತಿಂಗಳ ಆಗುಂಬೆಯಲ್ಲಿ ಹೂಜಿ ಇಟ್ಟೂ ಪ್ರಯೋಜನವಿಲ್ಲ, ಗಾಳಿಯೇ ನೀರಾಗಿರುತ್ತದೆ. ಒದ್ದೆ ಮೈಯ ಕಪ್ಪೆಯಲ್ಲೂ ನಡೆಯುವುದು ಇದೇ. ಒಣಗಾಳಿಯ ನೆರಳಲ್ಲಿ ಕೂತ ಕಪ್ಪೆಯ ಮೈ ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ತಂಪಾಗಿರಬಲ್ಲದು. ಆದರೆ ಖಾಲಿಯಾದ ಹೂಜಿಗೆ ಮನೆಯವರು ಮತ್ತೆ ನೀರು ತುಂಬುತ್ತಾರೆ. ಕಪ್ಪೆ ತನ್ನ ನೀರನ್ನು ತಾನೇ ಹುಡುಕಿಕೊಳ್ಳಬೇಕು.

ಕಪ್ಪೆಯ ಬದುಕಿನ ಇಕ್ಕಟ್ಟು ಇರುವುದೇ ಇಲ್ಲಿ. ಬೆಚ್ಚಗಾಗಲು ಬಿಸಿಲಿಗೆ ಬಂದರೆ ನೀರು ಹೋಗುತ್ತದೆ. ತಣ್ಣಗಾಗಲು ಬೆವರಿದರೂ ನೀರು ಹೋಗುತ್ತದೆ. ಪ್ರತಿಯೊಂದು ಡಿಗ್ರಿಗೂ ಅದು ನೀರಿನಲ್ಲೇ ಬೆಲೆ ತೆರಬೇಕು. ಓತಿಕ್ಯಾತ ಬಿಸಿಲೊಂದನ್ನು ನೋಡಿಕೊಂಡರೆ ಸಾಕು. ಕಪ್ಪೆ ಬಿಸಿಲನ್ನೂ ನೀರನ್ನೂ ಒಟ್ಟಿಗೆ ಲೆಕ್ಕ ಹಾಕುತ್ತದೆ.

ಈ ಲೆಕ್ಕವನ್ನು ಮೊದಲು ಬಿಡಿಸಿ ತೋರಿಸಿದವರಲ್ಲಿ ಲಿಲಿವೈಟ್ ಪ್ರಮುಖರು. 1970ರಲ್ಲಿ ಅವರು ಕ್ಯಾಲಿಫೋರ್ನಿಯಾದ ಕೊಳಗಳ ಅಂಚಿನ ಬುಲ್‌ಫ್ರಾಗ್ ಎಂಬ ದಡೂತಿ ಕಪ್ಪೆಗಳ ಬಗ್ಗೆ ಬರೆದರು. ಬಿಸಿಲಿರುವ ಹಗಲಲ್ಲಿ ಈ ಕಪ್ಪೆಗಳ ಮೈಯ ಕಾವು 30 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತಿತ್ತು. ಅದು ತಾನಾಗಿ ಆಗುವಂಥದ್ದಲ್ಲ. ಬೆಳಿಗ್ಗೆ ದಡಕ್ಕೆ ಬಂದ ಕಪ್ಪೆ ಬಿಸಿಲಿಗೆ ಹೆಚ್ಚು ಮೈ ಸಿಗುವಂತೆ ಕೂರುತ್ತದೆ. ಕಾವು ಏರಿದಂತೆ ಮಗ್ಗುಲು ಬದಲಿಸುತ್ತದೆ, ಒದ್ದೆ ಮಣ್ಣಿಗೆ ಹೊಟ್ಟೆ ಒತ್ತಿ ಚಪ್ಪಟೆಯಾಗುತ್ತದೆ, ಕುಂಡೆಯನ್ನು ನೀರಲ್ಲಿಟ್ಟು ಬೆನ್ನನ್ನು ಮಾತ್ರ ಬಿಸಿಲಿಗೆ ಬಿಡುತ್ತದೆ. ಬೆನ್ನಿನಿಂದ ಆರಿಹೋದ ನೀರನ್ನು ಹೊಟ್ಟೆಯಡಿಯಿಂದ ತುಂಬಿಕೊಳ್ಳುವ ಉಪಾಯ ಅದು. ಇನ್ನೂ ಬಿಸಿಯಾದರೆ ಬುಳಕ್ಕನೆ ನೀರಿಗಿಳಿಯುತ್ತದೆ. ಮರುವರ್ಷ ಅವರು ಇನ್ನೊಂದು ಸಂಗತಿ ತೋರಿಸಿದರು. ಕಾವು ಏರಿದಂತೆ ಚರ್ಮದ ಗ್ರಂಥಿಗಳು ಆಗಾಗ ಲೋಳೆಯನ್ನು ಹೊರಹಾಕಿ ಬೆನ್ನನ್ನು ಮತ್ತೆ ಮತ್ತೆ ಒದ್ದೆ ಮಾಡುತ್ತವೆ. ಚರ್ಮ ಒಣಗಿ ಬಿರಿಯುವುದಿಲ್ಲ, ಮೈ ಹೊತ್ತಿಕೊಳ್ಳುವುದೂ ಇಲ್ಲ.

ಇಷ್ಟೆಲ್ಲ ಪಾಡು ಪಟ್ಟು ಬಿಸಿಯೇಕೆ ಬೇಕು? ನೆರಳಲ್ಲಿ ತಣ್ಣಗೆ ಕೂತಿರಬಹುದಲ್ಲ ಎಂದು ಕೇಳುವವರಿಗೆ ಉತ್ತರ ಕಪ್ಪೆಯ ಹೊಟ್ಟೆಯಲ್ಲಿದೆ. ತಣ್ಣನೆಯ ಮೈಯಲ್ಲಿ ಆಹಾರ ಕರಗುವುದು ನಿಧಾನ, ಬೆಳವಣಿಗೆಯೂ ನಿಧಾನ. ಅಮೆರಿಕದ ಪಶ್ಚಿಮ ಭಾಗದ ಒಂದು ನೆಲಗಪ್ಪೆಯ ಮರಿಗಳನ್ನು ಲಿಲಿವೈಟ್ ಮತ್ತು ಇಬ್ಬರು ಸಂಗಡಿಗರು ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಇರುವ ಜಾಗದಲ್ಲಿ ಬಿಟ್ಟರು. ಹೊಟ್ಟೆ ತುಂಬಿದ ಮರಿಗಳು 26-27 ಡಿಗ್ರಿ ಇರುವ ಕಡೆ ಹೋಗಿ ಕೂತವು. ಅವು ಅತಿ ವೇಗವಾಗಿ ಬೆಳೆಯುತ್ತಿದ್ದುದೂ ಹೆಚ್ಚುಕಡಿಮೆ ಅದೇ ಕಾವಿನಲ್ಲಿ. ಉಪವಾಸ ಬಿದ್ದ ಮರಿಗಳು ಮಾತ್ರ ತಂಪಿನ ಕಡೆಗೆ ಸರಿದವು. ಕರಗಿಸಲು ಏನೂ ಇಲ್ಲದಿದ್ದಾಗ ಮೈ ಬಿಸಿಯಿಟ್ಟುಕೊಂಡರೆ ಕೂಡಿಟ್ಟ ಕೊಬ್ಬು ಬೇಗ ಕರಗುತ್ತದೆ. ಊಟವಾದ ಮೇಲೆ ಬಿಸಿಲು, ಇಲ್ಲದ ದಿನ ನೆರಳು. ಈ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ನನ್ನ ಮಟ್ಟಿಗೆ ಕಪ್ಪೆಗಳ ಬಗೆಗಿನ ಅತಿ ಚೆಂದದ ಪ್ರಯೋಗಗಳಲ್ಲಿ ಅದೂ ಒಂದು. ಎರಡು ಡಿಗ್ರಿ ಆಚೀಚೆಯನ್ನೂ ಗುರುತಿಸಿ ಜಾಗ ಬದಲಿಸುವ ಪ್ರಾಣಿಯನ್ನು ಮಂಕು ಎನ್ನಲು ಅದನ್ನು ಓದಿದ ಮೇಲೆ ಮನಸ್ಸಾಗುವುದಿಲ್ಲ.

ಸಂಶಯ ಪಡುವವರೂ ಇದ್ದರು. ಕಪ್ಪೆ ಸುಮ್ಮನೆ ಎಲ್ಲೋ ಕೂತಿದೆ, ಅಲ್ಲಿ ಬಿಸಿಲಿದ್ದುದರಿಂದ ಕಾದಿದೆ, ಅದರಲ್ಲಿ ಆಯ್ಕೆ ಎಂಬುದೆಲ್ಲಿ ಬಂತು ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸಿಕ್ಕಿದ್ದು ತಮಾಷೆಯ ದಾರಿಯಲ್ಲಿ. ಜೆಲ್ಲಿ ಮಾಡಲು ಬಳಸುವ ಕಡಲಪಾಚಿಯ ಅಗರ್ ಅನ್ನು ಕಪ್ಪೆಯಾಕಾರದ ಅಚ್ಚಿಗೆ ಹೊಯ್ದು, ಒಳಗೊಂದು ತಾಪಮಾಪಕ ಸಿಕ್ಕಿಸಿ ಕಾಡಿನಲ್ಲಿ ಅಲ್ಲಲ್ಲಿ ಇಡುತ್ತಾರೆ. ಅಗರ್ ಕಪ್ಪೆಯ ಮೈಯಿಂದಲೂ ನೀರು ಆರುತ್ತದೆ, ಅದೂ ಬಿಸಿಲಿಗೆ ಕಾಯುತ್ತದೆ. ಎದ್ದು ಹೋಗುವುದಿಲ್ಲ ಅಷ್ಟೆ. ಕಾರ್ಲೊಸ್ ನವಾಸ್ ಮತ್ತು ಅವರ ಸಂಗಡಿಗರೊಬ್ಬರು 2000ದಲ್ಲಿ ಈ ವಿಧಾನದ ಒಳಿತು ಕೆಡುಕುಗಳನ್ನು ಚರ್ಚಿಸಿದರು. ಜೆಲ್ಲಿ ಕಪ್ಪೆಗಳ ಕಾವೂ ನಿಜ ಕಪ್ಪೆಗಳ ಕಾವೂ ಒಂದೇ ಆಗಿದ್ದರೆ ನಿಜ ಕಪ್ಪೆ ಏನನ್ನೂ ಆಯ್ದುಕೊಳ್ಳುತ್ತಿಲ್ಲ ಎಂದರ್ಥ. ಕಾಡಿನ ನೆಲದ ಮೇಲೆ ರಾತ್ರಿ ಓಡಾಡುವ ಎಷ್ಟೋ ಕಪ್ಪೆಗಳ ಮಟ್ಟಿಗೆ ಅದು ಬಹುಮಟ್ಟಿಗೆ ನಿಜವೂ ಹೌದು. ದಟ್ಟ ಮರಗಳಡಿಯ ರಾತ್ರಿಯಲ್ಲಿ ಎಲ್ಲ ಕಡೆ ಒಂದೇ ಕಾವು, ಆಯಲು ಏನಿದೆ? ಆದರೆ ಬಿಸಿಲು, ನೆರಳು, ನೀರು ಮೂರೂ ಹತ್ತಿರದಲ್ಲೇ ಇರುವ ಕಡೆ ನಿಜ ಕಪ್ಪೆ ಬೇರೆಯೇ ಆಗಿ ನಡೆದುಕೊಳ್ಳುತ್ತದೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲಿ, ವಾಟ್ಸ್‌ಆಪ್ ಗುಂಪುಗಳಲ್ಲಿ ತಿರುಗುವ ಒಂದು ಕತೆಯಿದೆ. ಪಾತ್ರೆಯ ನೀರನ್ನು ನಿಧಾನಕ್ಕೆ ಕಾಯಿಸಿದರೆ ಕಪ್ಪೆಗೆ ಗೊತ್ತೇ ಆಗುವುದಿಲ್ಲವಂತೆ, ಕೂತಲ್ಲೇ ಬೆಂದುಹೋಗುತ್ತದಂತೆ. ಇದರ ಮೂಲ 19ನೇ ಶತಮಾನದ ಜರ್ಮನಿಯ ಪ್ರಯೋಗಗಳಲ್ಲಿದೆ. 1869ರಲ್ಲಿ ಫ್ರೀಡ್ರಿಕ್ ಗೋಲ್ಟ್ಸ್ ಎಂಬ ಶರೀರಶಾಸ್ತ್ರಜ್ಞರ ಪಾತ್ರೆಯಲ್ಲಿ ಕದಲದೆ ಕೂತದ್ದು ಮಿದುಳು ತೆಗೆದ ಕಪ್ಪೆ. ಮಿದುಳಿದ್ದ ಕಪ್ಪೆ ನೀರು 25 ಡಿಗ್ರಿ ಮುಟ್ಟುವಾಗಲೇ ಚಡಪಡಿಸತೊಡಗಿತ್ತು. ಕಾವಿನ ಏರಿಳಿತವನ್ನೇ ನಂಬಿ ಬದುಕುವ ಪ್ರಾಣಿಯ ಮೇಲೆ ಈ ಆರೋಪ ಹೊರಿಸಿದ್ದು ಅನ್ಯಾಯ.

ಬಚ್ಚಲುಮನೆಯ ಮರಗಪ್ಪೆಗೆ ಬುಲ್‌ಫ್ರಾಗಿನಂತೆ ಕಾಲಡಿಯಲ್ಲಿ ಕೊಳವಿಲ್ಲ. ಜನವರಿ-ಫೆಬ್ರುವರಿಯ ಒಣ ಹಗಲಲ್ಲಿ ಗೋಡೆಗೆ ಅಂಟಿ ಕೂತ ಈ ಕಪ್ಪೆಯನ್ನು ಹತ್ತಿರದಿಂದ ನೋಡಬೇಕು. ನಾಲ್ಕೂ ಕಾಲುಗಳನ್ನು ಮೈಯಡಿಗೆ ಮಡಚಿ ಒತ್ತಿಕೊಂಡಿರುತ್ತದೆ. ಬೆರಳ ತುದಿಯ ಅಂಟುಬಿಲ್ಲೆಗಳೂ ಸರಿಯಾಗಿ ಕಾಣುವುದಿಲ್ಲ. ಗದ್ದ ಗೋಡೆಗೆ ತಾಗಿರುತ್ತದೆ, ಕಣ್ಣು ಮುಚ್ಚಿರುತ್ತದೆ. ರಾತ್ರಿ ಕಂದಾಗಿದ್ದ ಮೈ ಸುಣ್ಣದ ಗೋಡೆಯಲ್ಲಿ ಕರಗುವಷ್ಟು ತಿಳಿಯಾಗಿರುತ್ತದೆ. ಕೈಕಾಲು ಚಾಚಿದ ಕಪ್ಪೆಗಿಂತ ಹೀಗೆ ಮುದುಡಿದ ಕಪ್ಪೆಯಲ್ಲಿ ಗಾಳಿಗೆ ತೆರೆದ ಚರ್ಮ ಬಹಳ ಕಡಿಮೆ. ತಿಳಿ ಬಣ್ಣ ಬಿಸಿಲನ್ನು ಹೆಚ್ಚು ಹಿಂದಕ್ಕೆ ಕಳಿಸುತ್ತದೆ.

ಅದೃಷ್ಟವಿದ್ದರೆ ಇನ್ನೊಂದನ್ನೂ ನೋಡಬಹುದು. ಕಪ್ಪೆ ಮೆಲ್ಲನೆ ಒಂದು ಕಾಲನ್ನು ಬಿಡಿಸಿ ಬೆನ್ನಿನ ಮೇಲೆ ಸವರಿಕೊಳ್ಳುತ್ತದೆ, ಮುಂಗೈಯಿಂದ ತಲೆಯನ್ನು ಉಜ್ಜುತ್ತದೆ, ಪಕ್ಕೆಗಳನ್ನು ಒರೆಸಿಕೊಳ್ಳುತ್ತದೆ. ತುರಿಕೆಯೆಂದು ತೋರಬಹುದು. ಚರ್ಮದ ಗ್ರಂಥಿಗಳು ಒಸರುವ ಎಣ್ಣೆಯಂಥ ಜಿಡ್ಡನ್ನು ಅದು ಮೈಗೆಲ್ಲ ಬಳಿದುಕೊಳ್ಳುತ್ತಿರುತ್ತದೆ. ಲಿಲಿವೈಟ್, ಮಿತ್ತಲ್ ಮತ್ತು ಸಂಗಡಿಗರು 1997ರಲ್ಲಿ ಬರೆದದ್ದು ಈ ಸವರುವಿಕೆಯ ಬಗ್ಗೆ. ದಕ್ಷಿಣ ಅಮೆರಿಕದ ಒಣ ಪ್ರದೇಶಗಳ ಫಿಲೊಮೆಡೂಸಾ ಕಪ್ಪೆಗಳು ಇದೇ ಕೆಲಸವನ್ನು ಇನ್ನೂ ಅಚ್ಚುಕಟ್ಟಾಗಿ ಮಾಡುತ್ತವೆ. ಅವುಗಳ ಜಿಡ್ಡಿನ ಲೇಪದಿಂದ ನೀರು ಹೊರಹೋಗುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ನಮ್ಮ ಮರಗಪ್ಪೆಯದು ಅಷ್ಟು ಗಟ್ಟಿ ಲೇಪವಲ್ಲ. ನೀರಿನ ನಷ್ಟವನ್ನು ತಗ್ಗಿಸುತ್ತದೆ, ನಿಲ್ಲಿಸುವುದಿಲ್ಲ. ಆದರೂ ಹಗಲಿಡೀ ಗೋಡೆಯ ಮೇಲಿರಲು ಅಷ್ಟು ಸಾಕು. ಬೆವರಲೇಬೇಕಾದ ಹೊತ್ತಿಗೆ ಬೇಕಾದ ನೀರು ಒಳಗೆ ಉಳಿದಿರುತ್ತದೆ. ಆಫ್ರಿಕಾದ ಸವನ್ನಾದಲ್ಲಿ ಒಂದು ಪುಟ್ಟ ಜೊಂಡುಗಪ್ಪೆಯ ಮರಿಗಳು ಬೇಸಿಗೆ ಪೂರ್ತಿ ಒಣಹುಲ್ಲಿನ ಕಡ್ಡಿಗಳ ಮೇಲೆ ಬಯಲಲ್ಲೇ ಕೂತಿರುತ್ತವಂತೆ, ಮೈಯನ್ನು ಬೆಳ್ಳಗೆ ಮಾಡಿಕೊಂಡು. ಒಂದು ಗ್ರಾಂ ಕೂಡ ತೂಗದ ಜೀವಗಳು ಅವು.

ಇವೆಲ್ಲ ಬಿಸಿಯನ್ನು ನಿಭಾಯಿಸುವ ಕತೆಗಳಾದವು. ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್ ಪಟ್ಟಣದ ಸುತ್ತಲಿನ ಹಸಿರು ಮರಗಪ್ಪೆ ಇದನ್ನು ತಲೆಕೆಳಗು ಮಾಡಿದೆ. ಆ ಕಡೆ ವರ್ಷದ ನಡುವೆ ತಿಂಗಳುಗಟ್ಟಲೆ ಹನಿ ಮಳೆಯಿಲ್ಲ. ರಾತ್ರಿ ಮಾತ್ರ ಚಳಿ. ಕಪ್ಪೆಗಳು ಮರದ ಪೊಟರೆಗಳಲ್ಲಿ ಬೆಚ್ಚಗೆ ಅಡಗಿರುತ್ತವೆ. ಆದರೂ ಕೆಲವು ಚಳಿಯ ರಾತ್ರಿಗಳಲ್ಲಿ ಹೊರಬಂದು ಬಯಲಲ್ಲಿ ಕೂರುತ್ತವೆ. ಹೊರಗೆ ಹುಳಗಳೂ ಇಲ್ಲ, ನೀರೂ ಇಲ್ಲ. ಇದ್ದಬದ್ದ ನೀರನ್ನೂ ಕಳೆದುಕೊಂಡು, ಕೈಕಾಲು ಮರಗಟ್ಟುವಷ್ಟು ತಣ್ಣಗಾಗಿ ಆಮೇಲೆ ಪೊಟರೆಗೆ ಮರಳುತ್ತವೆ. ಇದು ಬಹಳ ಕಾಲ ಯಾರಿಗೂ ಬಗೆಹರಿಯದ ನಡವಳಿಕೆಯಾಗಿತ್ತು. ಕ್ರಿಸ್ ಟ್ರೇಸಿ, ಕೀತ್ ಕ್ರಿಶ್ಚಿಯನ್ ಮತ್ತು ಸಂಗಡಿಗರು 2011ರಲ್ಲಿ ಉತ್ತರ ಕೊಟ್ಟರು. ಪೊಟರೆಯ ಗಾಳಿ ಬೆಚ್ಚಗೆ, ತೇವವಾಗಿರುತ್ತದೆ. ತಣ್ಣನೆಯ ಕಪ್ಪೆ ಅದರೊಳಗೆ ಹೊಕ್ಕೊಡನೆ ಗಾಳಿಯ ತೇವ ಅದರ ಮೈಮೇಲೆ ಹನಿಗಟ್ಟುತ್ತದೆ. ಆ ಹನಿಯನ್ನು ಚರ್ಮ ಹೀರಿಕೊಳ್ಳುತ್ತದೆ. ಸಂಶೋಧಕರು ತಣಿಸಿದ ಕಪ್ಪೆಗಳನ್ನು ಪೊಟರೆಗೆ ಬಿಟ್ಟು, ಮೊದಲೂ ಆಮೇಲೂ ತೂಕ ಹಾಕಿ ನೋಡಿದರು. ತೂಕ ಏರಿತ್ತು. ಹೊರಗೆ ಕಳೆದದ್ದಕ್ಕಿಂತ ಒಳಗೆ ಸಿಕ್ಕಿದ್ದೇ ಹೆಚ್ಚಾಗುವಷ್ಟು. ನೀರಿನಲ್ಲಿ ಬೆಲೆ ತೆತ್ತು ಕಾವನ್ನು ಕೊಳ್ಳುವ ವ್ಯವಹಾರ ಇಲ್ಲಿ ತಿರುಗುಮುರುಗಾಗಿದೆ: ಕಾವನ್ನು ಬಿಟ್ಟುಕೊಟ್ಟು ನೀರನ್ನು ಕೊಳ್ಳುತ್ತಿದೆ ಕಪ್ಪೆ.

ನಮ್ಮ ಬಯಲುಸೀಮೆಯ ಬಿಲಗಪ್ಪೆಗಳು ಇಂಥ ಚೌಕಾಶಿಗೆ ಹೋಗುವುದೇ ಇಲ್ಲ. ಹಿಂಗಾಲಿನ ಗಟ್ಟಿ ಗುಬುಟಿನಿಂದ ಮಣ್ಣನ್ನು ಒತ್ತರಿಸುತ್ತ ಹಿಮ್ಮುಖವಾಗಿ ನೆಲದೊಳಗೆ ಇಳಿದುಬಿಡುತ್ತವೆ. ಮೇಲ್ಮಣ್ಣು ಬರಿಗಾಲಿಡಲಾಗದಷ್ಟು ಸುಡುವಾಗಲೂ ಕೆಳಗೆ ಹಗಲು ರಾತ್ರಿ ಒಂದೇ ಹದ. ಮುಂಗಾರಿನ ಮೊದಲ ಭಾರಿ ಮಳೆಗೆ ಎದ್ದು ಬಂದು ರಾತ್ರಿಯಿಡೀ ಕೂಗುತ್ತವೆ. ಇನ್ನು ಗೊದಮೊಟ್ಟೆಗಳಿಗೆ ಹೊಂಡ ಬಿಟ್ಟು ಹೋಗುವ ಹಾಗಿಲ್ಲ, ಆದರೆ ಹೊಂಡದೊಳಗೇ ಅವು ಜಾಗ ಹುಡುಕುತ್ತವೆ. ಹಗಲಲ್ಲಿ ಬಿಸಿಲಿಗೆ ಬೇಗ ಕಾಯುವ ಅಂಚಿನ ತೆಳುನೀರಿನಲ್ಲಿ ಕಪ್ಪು ಮೋಡದಂತೆ ಗುಂಪುಗಟ್ಟಿ, ರಾತ್ರಿ ಆಳಕ್ಕೆ ಸರಿಯುವುದನ್ನು ಹಲವು ಜಾತಿಗಳಲ್ಲಿ ಕಂಡಿದ್ದಾರೆ.

ಕಾವಿನ ಆಯ್ಕೆಗೆ ಜೀವ ಉಳಿಸುವ ಇನ್ನೊಂದು ಉಪಯೋಗವಿದೆ. ನಮಗೆ ಸೋಂಕು ತಗುಲಿದರೆ ಜ್ವರ ಬರುತ್ತದೆ. ಮೈಯೇ ಕಾವು ಏರಿಸಿಕೊಂಡು ರೋಗಾಣುವಿನ ಜೊತೆ ಸೆಣಸುತ್ತದೆ. ಕಪ್ಪೆಗೆ ಹಾಗೆ ಜ್ವರ ಬರಿಸಿಕೊಳ್ಳಲಾಗದು. ಅದು ಬಿಸಿ ಜಾಗಕ್ಕೆ ಹೋಗಿ ಕೂರುತ್ತದೆ. ಬ್ಯಾಕ್ಟೀರಿಯಾ ಚುಚ್ಚಿದ ಅಮೆರಿಕದ ಹಸಿರು ಮರಗಪ್ಪೆಗಳು ಎಂದಿಗಿಂತ ಬೆಚ್ಚಗಿನ ಜಾಗವನ್ನೇ ಆರಿಸಿಕೊಂಡದ್ದನ್ನು ಮ್ಯಾಥ್ಯೂ ಕ್ಲೂಗರ್ 1977ರಲ್ಲೇ ವರದಿ ಮಾಡಿದ್ದರು. ಆಗ ಅದೊಂದು ಕುತೂಹಲದ ಸಂಗತಿ ಅಷ್ಟೆ. ಚರ್ಮಕ್ಕೆ ಹತ್ತುವ ಕೈಟ್ರಿಡ್ ಶಿಲೀಂಧ್ರದ ಹೆಸರು ಜಗತ್ತಿಗೆ ಗೊತ್ತಾದ ಮೇಲೆ ಅದರ ಬೆಲೆ ಏರಿತು. ಈ ಶಿಲೀಂಧ್ರ ಕನಿಷ್ಠ 501 ಜಾತಿಯ ಉಭಯವಾಸಿಗಳ ಸಂಖ್ಯೆ ಕುಸಿಯಲು ಕಾರಣವಾಗಿದೆ, ಅವುಗಳಲ್ಲಿ 90 ಜಾತಿಗಳು ಅಳಿದೇ ಹೋಗಿರಬೇಕು ಎಂದು 2019ರ ಒಂದು ಸಮೀಕ್ಷೆ ಹೇಳಿತು. ಅದು ಚೆನ್ನಾಗಿ ಬೆಳೆಯುವುದು 17ರಿಂದ 25 ಡಿಗ್ರಿಯೊಳಗೆ. ಅದಕ್ಕಿಂತ ಬಿಸಿಯಾದರೆ ಸೊರಗುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನಲ್ಲಿ ಜೋಡಿ ರೌಲಿ ಮತ್ತು ರಾಸ್ ಆಲ್ಫರ್ಡ್ ಕಪ್ಪೆಗಳ ಬೆನ್ನುಹತ್ತಿ ಮೈಯ ಕಾವನ್ನು ಅಳೆದರು. 25 ಡಿಗ್ರಿಗಿಂತ ಬೆಚ್ಚಗೆ ಹೆಚ್ಚು ಹೊತ್ತು ಕಳೆದ ಕಪ್ಪೆಗಳಲ್ಲಿ ಸೋಂಕು ಕಡಿಮೆ ಎಂಬುದು 2013ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ.

ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಆಂಥನಿ ವಾಡಲ್ ಇದನ್ನೇ ಮದ್ದಾಗಿ ಬಳಸಿದರು. ಅವರ ಸಾಮಗ್ರಿ ಇಷ್ಟೇ: ತೂತುಗಳಿರುವ ಇಟ್ಟಿಗೆಗಳು, ಕಪ್ಪು ಬಣ್ಣ, ಮೇಲೆ ಹೊದಿಸಲು ಪುಟ್ಟ ಹಸಿರುಮನೆ. ಚಳಿಗಾಲದ ಬಿಸಿಲಿಗೂ ಇಟ್ಟಿಗೆಯ ತೂತು ಬೆಚ್ಚಗಾಗುತ್ತದೆ, ಕಪ್ಪೆ ತಾನಾಗಿ ಹೋಗಿ ಅದರೊಳಗೆ ಕೂರುತ್ತದೆ. ಹಸಿರು-ಹೊನ್ನಿನ ಬಣ್ಣದ ಬೆಲ್ ಕಪ್ಪೆಗಳು ಹಾಗೆ ಬಿಸಿಯಾಗಿ ಸೋಂಕಿನಿಂದ ಚೇತರಿಸಿಕೊಂಡವು, ಆಮೇಲೆ ಮತ್ತೆ ಸೋಂಕಿಗೆ ಒಡ್ಡಿದಾಗಲೂ ಚೆನ್ನಾಗಿ ತಡೆದುಕೊಂಡವು ಎಂದು 2024ರ ನೇಚರ್ ಪತ್ರಿಕೆಯ ಲೇಖನ ಹೇಳುತ್ತದೆ. ಈ ಕಪ್ಪೆಗೆ ಇಟ್ಟಿಗೆಯ ಋಣಾನುಬಂಧ ಹಳೆಯದು. 2000ದ ಒಲಿಂಪಿಕ್ಸ್‌ಗೆ ಟೆನಿಸ್ ಅಂಗಣ ಕಟ್ಟಬೇಕೆಂದಿದ್ದ ಸಿಡ್ನಿಯ ಹಳೆಯ ಇಟ್ಟಿಗೆ ಗುಂಡಿಯಲ್ಲಿ ಇದು ಸಿಕ್ಕಿ, ಕೊನೆಗೆ ಅಂಗಣವನ್ನೇ ಬೇರೆಡೆಗೆ ಸರಿಸಿದ್ದರು.

ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಕೈಟ್ರಿಡ್ ಪತ್ತೆಯಾಗಿದೆ. ಆಸ್ಟ್ರೇಲಿಯಾ, ಪನಾಮಾಗಳಲ್ಲಿ ಆದಂಥ ಸಾಮೂಹಿಕ ಸಾವು ಇಲ್ಲಿಂದ ವರದಿಯಾಗಿಲ್ಲ. ಆಗಿದ್ದರೂ ಇಟ್ಟಿಗೆಯ ಚಿಕಿತ್ಸೆ ಎಲ್ಲರಿಗೂ ಒಗ್ಗುವಂಥದ್ದಲ್ಲ. ಅದು ಬಿಸಿಯನ್ನು ಇಷ್ಟಪಟ್ಟು ಹುಡುಕಿಕೊಂಡು ಹೋಗುವ ಕಪ್ಪೆಗೆ ಮಾತ್ರ. ಕೊಟ್ಟಿಗೆಹಾರದ ಹೆಸರನ್ನೇ ಹೊತ್ತ ಕುಣಿಯುವ ಕಪ್ಪೆಯಂಥವು ಹಗಲಲ್ಲಿ, ಮರಗಳ ನೆರಳಿನ ತೊರೆಯಲ್ಲಿ, ಸದಾ ಒದ್ದೆಯಾದ ಕಲ್ಲಿನ ಮೇಲೆ ಕೂತು ಹಿಂಗಾಲು ಚಾಚಿ ತೋರಿಸುತ್ತ ಕೂಗುವಂಥವು. ಅವುಗಳಿಗೆ ಬೇಕಾದದ್ದು ತಂಪು.

ಭೂಮಿಯ ಬಿಸಿ ಏರಿದರೆ ಉಭಯವಾಸಿಗಳ ಗತಿಯೇನೆಂದು ಪ್ಯಾಟ್ರಿಸ್ ಪಾಟಿಯೆ ಮತ್ತು ಸಂಗಡಿಗರು 2025ರಲ್ಲಿ 5,203 ಜಾತಿಗಳಿಗೆ ಲೆಕ್ಕ ಹಾಕಿದರು. ನೆರಳಿನಲ್ಲಿದ್ದರೂ ತಾಳಿಕೊಳ್ಳಲಾಗದ ಬಿಸಿಯನ್ನು ಈಗಾಗಲೇ ಎದುರಿಸುತ್ತಿರುವ ಜಾತಿಗಳು 104, ಅಂದರೆ ಶೇ 2. ತಾಪ 4 ಡಿಗ್ರಿ ಏರಿದರೆ ಅದು ಶೇ 7.5 ಆಗುತ್ತದೆ. ಸಣ್ಣ ಸಂಖ್ಯೆ ಎನಿಸಬಹುದು. ಆದರೆ ಈ ಲೆಕ್ಕದಲ್ಲಿ ಕಪ್ಪೆಗೆ ನೆರಳು ಸಿಗುತ್ತದೆ, ಮೈ ಒದ್ದೆ ಇಟ್ಟುಕೊಳ್ಳಲು ನೀರೂ ಸಿಗುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳಲಾಗಿದೆ. ಬುಲ್‌ಫ್ರಾಗ್ ಆದರೆ ದಡದಿಂದ ನೀರಿಗೆ, ನೀರಿನಿಂದ ದಡಕ್ಕೆ ಹೋಗಿ ಬಂದು ಸುಧಾರಿಸಿಕೊಂಡೀತು. ಮನೆಯ ಮರಗಪ್ಪೆ ಬಿಸಿಲ ಗೋಡೆ ಬಿಟ್ಟು ಹಂಚಿನ ಸಂದಿಗೋ ಬಚ್ಚಲಿಗೋ ಸರಿದೀತು. ತೊರೆಯ ಮೇಲಿನ ಮರಗಳನ್ನು ಕಡಿದರೆ ಘಟ್ಟದ ಕಪ್ಪೆ ಕೂತ ಕಲ್ಲಿನ ಮೇಲೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತದೆ. ಪಕ್ಕದ ಕಲ್ಲಿನ ಮೇಲೆ ಬೀಳುವುದೂ ಅದೇ ಬಿಸಿಲು.